ಶಂಭುಲಿಂಗನ ತೋಟದ ಕಡ್ಡಿ

ಮೊದಲ ಬೆಳೆ ಬಣ್ಣಕ್ಕೆ ತಿರುಗಿದ ಫೆಬ್ರವರಿಯಲ್ಲಿ ತಾಯಕ್ಕ ತಮ್ಮನಿಗೆ ಫೋನ್ ಮಾಡಿದಳು.

"ಸ್ವಾಮಿ, ಒಂದಸಲ ಬಂದು ನೋಡೋ. ಬಳ್ಳಿ ಎಲ್ಲಾ ಕುಂಕುಮ ಬಳಕೊಂಡು ನಿಂತಂಗ ಅದಾವ. ರಸ್ತೆದಾಗ ಹೋಗೋರು ಗಾಡಿ ನಿಲ್ಸಿ ಫೋಟೋ ತಕ್ಕೊಂಡು ಹೊಂಟಾರ."

ಹೊನ್ನೂರುಸ್ವಾಮಿ ಬಂಡ್ರಿಯಿಂದ ಬೈಕ್ ಹತ್ತಿ ಮಲಪನಗುಡಿಗೆ ಬಂದ. ಅಕ್ಕ ಬದುವಿನ ಮೇಲೆ ನಿಂತು ನಗುತ್ತಿದ್ದಳು. ಅವಳ ಹಿಂದೆ ವೈನಿಗೆಂದು ಬೆಳೆದ ಒಂದೂವರೆ ಎಕರೆ ಶಿರಾಜ್ ದ್ರಾಕ್ಷಿ ತಂತಿಗಳ ಮೇಲೆ ಹಬ್ಬಿಕೊಂಡಿತ್ತು. ಅವನು ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದ. ನರಗಳು ಹಸಿರಾಗಿಯೇ ಇದ್ದವು, ನರಗಳ ನಡುವೆ ಮಾತ್ರ ಗಾಢವಾದ ಕೆಂಪು. ಎಲೆಯ ಅಂಚು ಕೆಳಕ್ಕೆ ಸುರುಳಿ ಸುತ್ತಿತ್ತು. ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯಿತು.

ಅವನಿಗೆ ಆಗಲೇ ತಿಳಿಯಿತು. ಇದು ಗೊಬ್ಬರ ಹಾಕಿದರೆ ಹೋಗುವಂಥದ್ದಲ್ಲ. ಕಸಿ ಕಟ್ಟುವ ಕಡ್ಡಿಯೊಳಗೇ ಕೂತು ಬರುವ ರೋಗ, ಎಲೆಸುರುಳಿ. ಅದಕ್ಕೆ ಮದ್ದಿಲ್ಲ.

"ಯಾಕೋ, ಏನಾತು?" ಅಂದಳು ತಾಯಕ್ಕ.

"ಏನಿಲ್ಲಕ್ಕ. ಮೆಗ್ನೀಷಿಯಂ ಕಮ್ಮಿ ಬಿದ್ದೈತಿ. ಹೊಡದ್ರ ಸರಿಹೋಗ್ತತಿ."

ಅವಳು ನಂಬಿದಳು. ತಾಯಿ ಸತ್ತಾಗ ಹೊನ್ನೂರುಸ್ವಾಮಿಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ಅಂದಿನಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಮುಂದೆ ಅವಳ ಗಂಡ ಅದಿರಿನ ಲಾರಿ ಮಗುಚಿ ಸತ್ತ. ಮಕ್ಕಳಾಗಿರಲಿಲ್ಲ. ತಮ್ಮನ ಮಾತು ಅಂದರೆ ಅವಳಿಗೆ ಅದರ ಮೇಲೆ ಮತ್ತೊಂದು ಮಾತಿರಲಿಲ್ಲ.

ಅದಿರಿನ ಗಣಿಗಳು ನಿಂತ ವರ್ಷ ಬಂಡ್ರಿಯ ಅರ್ಧ ಊರು ಕೆಲಸ ಕಳೆದುಕೊಂಡಾಗ, ಗಣಿ ಕೂಲಿಯಾಗಿದ್ದ ಹೊನ್ನೂರುಸ್ವಾಮಿ ವಿಜಯಪುರದ ಕಡೆ ದುಡಿಯಲು ಹೋಗಿದ್ದ. ಅಲ್ಲಿ ಶಂಭುಲಿಂಗ ಎಂಬ ಮುದುಕನ ದ್ರಾಕ್ಷಿ ತೋಟ. ಮೊದಲ ತಿಂಗಳು ಅವನಿಗೆ ಬರೀ ಮಣ್ಣು ಅಗೆಯುವ ಕೆಲಸ. ಒಂದು ದಿನ ಮುದುಕ ಅವನ ಕೈಗೆ ಚಾಕು ಕೊಟ್ಟು, ಒಂದು ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಬೇರಿನ ಗಿಡದ, ಅಂದರೆ ಬೇರಿಗೆಂದೇ ನೆಟ್ಟ ಕಾಡು ದ್ರಾಕ್ಷಿಯ, ಸೀಳಿನಲ್ಲಿ ಕೂರಿಸಲು ಹೇಳಿದ. ಹೊನ್ನೂರುಸ್ವಾಮಿ ಕೂರಿಸಿದ. ಇಪ್ಪತ್ತು ದಿನಕ್ಕೆ ಅದು ಚಿಗುರಿತು. "ನಿನ್ನ ಕೈಗುಣ ಚಲೋ ಅದ," ಅಂದ ಮುದುಕ. ಮೂರು ವರ್ಷದಲ್ಲಿ ಕಸಿ ಕಟ್ಟುವುದು, ಚಾಟ್ನಿ ಅಂದರೆ ಕಡ್ಡಿ ಸವರುವುದು, ಕಡ್ಡಿಯ ಯಾವ ಕಣ್ಣಿನಲ್ಲಿ, ಅಂದರೆ ಮೊಗ್ಗಿನಲ್ಲಿ, ಗೊನೆ ಇದೆ ಅಂತ ಗುರುತಿಸುವುದು, ಎಲ್ಲವೂ ಅವನಿಗೆ ಬಂತು. ಮಣ್ಣು ಹೊರುತ್ತಿದ್ದವನನ್ನು ಜನ ಹುಡುಕಿಕೊಂಡು ಬರತೊಡಗಿದರು.

ಸಂಡೂರು ಗುಡ್ಡದ ಇಳಿಜಾರಿನಲ್ಲಿ ವೈನ್ ಕಂಪನಿಯೊಂದು ತೋಟ ಹಾಕಿದಾಗ ಅವನು ಊರಿಗೆ ಮರಳಿ ಅಲ್ಲಿಯೇ ಕಸಿ ಮೇಸ್ತ್ರಿಯಾದ. ಕೆಂಪು ಮಣ್ಣು, ಕಲ್ಲು, ಹಗಲು ಬಿಸಿಲು, ಇಳಿಸಂಜೆಗೆ ಗುಡ್ಡದಿಂದ ಇಳಿದು ಬರುವ ತಂಪು ಗಾಳಿ. ಬಂದು ನೋಡಿದ ಪರದೇಶದ ಒಬ್ಬ ತಜ್ಞ ಮಣ್ಣನ್ನು ಮೂಸಿ ನೋಡಿ ತಲೆದೂಗಿದ್ದನ್ನು ಹೊನ್ನೂರುಸ್ವಾಮಿ ಬಹಳ ದಿನ ಊರಲ್ಲಿ ಹೇಳಿಕೊಂಡು ತಿರುಗಿದ. ಕೆಲಸದ ಹೆಂಗಸರ ಬಾಯಲ್ಲಿ ಶಿರಾಜ್ ತಳಿ 'ಸಿರಾಜಣ್ಣ' ಆಯಿತು, ಕ್ಯಾಬರ್ನೆ 'ಗಾಬರಿ' ಆಯಿತು. ಬಿಳಿ ತಳಿ ಸುವಿನ್ಯೋ ಬ್ಲಾಂಕ್ ಯಾರ ಬಾಯಿಗೂ ಬರಲಿಲ್ಲ, ಅದನ್ನು 'ಬಿಳೇದು' ಅಂತ ಬಿಟ್ಟರು. "ಸಣ್ಣ ಹಣ್ಣು, ತುಂಬಾ ಬೀಜ, ದಪ್ಪ ಸಿಪ್ಪಿ. ಇದನ್ನ ಯಾರ್ ತಿಂತಾರ?" ಅಂತ ಮೊದಲು ನಕ್ಕವರೇ ಆಮೇಲೆ ಗೊನೆ ಹಿಡಿದು ನೋಡಿ ಸಕ್ಕರೆ ಎಷ್ಟು ಬಂದಿದೆ ಅಂತ ಹೇಳುವಷ್ಟು ಪಳಗಿದರು.

ಕಂಪನಿಗೆ ಸ್ವಂತ ತೋಟದ ಹಣ್ಣು ಸಾಲದಾಯಿತು. ಸುತ್ತಲಿನ ರೈತರಿಂದ ಬೆಳೆಸೋಣ ಎಂದು ಮುಂದಾದವಳು ಸುಕನ್ಯಾ. ಕಂಪ್ಲಿಯ ಭತ್ತದ ರೈತರ ಮನೆಯ ಹುಡುಗಿ, ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿ ಕಂಪನಿಯ ತೋಟದ ಉಸ್ತುವಾರಿಗೆ ಬಂದಿದ್ದಳು. ಹೊನ್ನೂರುಸ್ವಾಮಿಯನ್ನು 'ಸ್ವಾಮಣ್ಣ' ಅನ್ನುತ್ತಿದ್ದಳು. ಇಬ್ಬರೂ ಊರೂರು ತಿರುಗಿ ಏಳು ಮಂದಿಯನ್ನು ಒಪ್ಪಿಸಿದರು. ಮೊದಲು ಒಪ್ಪಿದವಳು ತಾಯಕ್ಕ. ಫಲ ಕೊಡುತ್ತಿದ್ದ ಬಾಳೆಯನ್ನು ಕಡಿಸಿದಳು. ಓಣಿಯ ಹೆಂಗಸರು, "ಸೆರೆ ಮಾಡೋ ಹಣ್ಣು ಬೆಳೀತಿಯೇನವ್ವಾ?" ಅಂದರೆ, "ನನ್ನ ತಮ್ಮ ಹೇಳ್ಯಾನ," ಅಂದು ಸುಮ್ಮನಾಗುತ್ತಿದ್ದಳು.

ಏಳೂ ಹೊಲದಲ್ಲಿ ಬೇರಿನ ಗಿಡ ನಾಟಿಯಾಯಿತು. ರೋಗವಿಲ್ಲ ಎಂದು ಪರೀಕ್ಷೆಯಾದ ಶಿರಾಜ್ ಕಡ್ಡಿ ದೂರದ ನರ್ಸರಿಯಿಂದ ಬರಬೇಕಿತ್ತು. ಅಷ್ಟರಲ್ಲಿ ಕೊರೋನ ಬಂತು. ನರ್ಸರಿಯವರು ಈ ವರ್ಷ ಆಗುವುದಿಲ್ಲ ಅಂದರು.

"ಒಂದು ವರ್ಷ ತಡಿಯೋಣ ಸ್ವಾಮಣ್ಣ," ಅಂದಳು ಸುಕನ್ಯಾ.

"ಬೇರಿನ ಗಿಡ ದಪ್ಪ ಆಗಿ ಬಿಡ್ತಾವ್ರಿ ಮೇಡಂ, ಆಮ್ಯಾಲ ಕಸಿ ಹತ್ತಂಗಿಲ್ಲ. ದಸರಾಕ್ಕ ಕಸಿ ಕಟ್ತೀನಿ ಅಂತ ಎಲ್ಲಾರಿಗೂ ಮಾತು ಕೊಟ್ಟೀನಿ. ನಾ ಕಲ್ತ ತೋಟದಾಗ ಶಿರಾಜ್ ಐತಿ. ಅಲ್ಲಿಂದ ತರ್ತೀನಿ."

"ಆ ತೋಟಕ್ಕ ರೋಗ ಗೀಗ ಇಲ್ಲಲ್ಲ?"

ಆ ಕ್ಷಣ ಅವನಿಗೆ ಶಂಭುಲಿಂಗನ ತೋಟದ ಬಡಗಣ ಮೂಲೆ ನೆನಪಾಯಿತು. ಅಲ್ಲಿ ಎರಡು ಸಾಲು ಪ್ರತಿ ಮಾಘದಲ್ಲಿ ಕೆಂಪಾಗುತ್ತಿದ್ದವು. "ವಯಸ್ಸಾದ ಬಳ್ಳಿ, ಹಂಗ ಆಗ್ತದ," ಅಂದಿದ್ದ ಮುದುಕ. ಸುಕನ್ಯಾಳೇ ಒಮ್ಮೆ ಕೆಲಸಗಾರರಿಗೆ ತರಬೇತಿ ಕೊಡುವಾಗ ಅಂಥದೇ ಎಲೆಯ ಚಿತ್ರ ತೋರಿಸಿ, ಇದು ರೋಗ ಅಂದಿದ್ದಳು. ಆದರೆ ಅವನು ತರುವುದು ತೆಂಕಣ ಸಾಲಿನಿಂದ. ಅಲ್ಲಿಯ ಬಳ್ಳಿ ಹಸಿರಾಗಿಯೇ ಇರುತ್ತಿದ್ದವು.

"ನಾನೇ ಮೂರು ವರ್ಷ ದುಡದೀನಲ್ರಿ," ಅಂದ.

ಅವನ ಮಾತಿನ ಮೇಲೆ ಅವಳು ಕಡ್ಡಿ ತರಿಸುವ ಕಾಗದಕ್ಕೆ ಸಹಿ ಹಾಕಿದಳು. ಅವನು ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಯ ಕಟ್ಟುಗಳನ್ನು ಗೂಡ್ಸ್ ಗಾಡಿಯಲ್ಲಿ ತಂದ. ಹದಿನೆಂಟು ದಿನ ಬೆಳಗಿನಿಂದ ಸಂಜೆಯವರೆಗೆ ಏಳು ಹೊಲದಲ್ಲಿ ಕಸಿ ಕಟ್ಟಿದ. ನೂರಕ್ಕೆ ತೊಂಬತ್ತೈದು ಚಿಗುರಿದವು. ಏಳು ರೈತರಲ್ಲಿ ಒಬ್ಬನಾದ ಕಮಲಾಪುರದ ಪಾಲಪ್ಪ ಎಲ್ಲರ ಮುಂದೆ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಈಗ ಆ ಕೈಯಲ್ಲಿ ತಾಯಕ್ಕನ ತೋಟದ ಎಲೆ ಇತ್ತು.

ಆ ವಾರವೇ ಅವನು ಉಳಿದ ಆರು ತೋಟಗಳನ್ನೂ ಸುತ್ತಿ ಬಂದ. ಎಲ್ಲೆಡೆ ಕೆಂಪು. ಕೆಲವು ತೋಟದಲ್ಲಿ ಹತ್ತಿಪ್ಪತ್ತು ಬಳ್ಳಿ, ಕೆಲವು ಕಡೆ ಅರ್ಧ ತೋಟ. ಸುಕನ್ಯಾಗೆ ಹೇಳಬೇಕು ಅಂತ ಕಂಪನಿಯ ಗೇಟಿನವರೆಗೆ ಹೋದ. ಅವಳು ಯಾರೋ ಅತಿಥಿಗಳಿಗೆ ತೋಟ ತೋರಿಸುತ್ತಿದ್ದಳು. ಅವನನ್ನು ಕಂಡವಳೇ ಕರೆದು, "ನಮ್ಮ ರೈತರ ತೋಟ ಎಲ್ಲಾ ಇವರ ಕೈಯಿಂದನೇ ಎದ್ದಿದ್ದು," ಅಂದಳು. ಅವರು ಚಪ್ಪಾಳೆ ತಟ್ಟಿದರು. ಅವನು ಏನೂ ಹೇಳದೆ ಮರಳಿದ.

ಮಾರನೆಯ ದಿನದಿಂದ ಅವನು ಮಾಡಿದ್ದು ಇದು: ಸುಕನ್ಯಾ ಯಾವ ತೋಟಕ್ಕೆ ಬರುತ್ತಾಳೆ ಎಂದು ತಿಳಿದುಕೊಂಡು, ಅದಕ್ಕೆ ಮುಂಚೆ ಬೆಳಬೆಳಗ್ಗೆ ಅಲ್ಲಿಗೆ ಹೋಗಿ ಕೆಂಪೆಲೆಗಳನ್ನೆಲ್ಲಾ ಕಿತ್ತು ಗೋಣಿಗೆ ತುಂಬುತ್ತಿದ್ದ. ಗೊನೆಗೆ ಬಿಸಿಲು ಬೀಳಲಿ ಎಂದು ಎಲೆ ತೆಗೆಯುವ ರೂಢಿ ಇದ್ದದ್ದರಿಂದ ಯಾರೂ ಕೇಳಲಿಲ್ಲ. ಹಣ್ಣು ತಡವಾಗಿ ಮಾಗಿತು. ರಸದಲ್ಲಿ ಸಕ್ಕರೆ ನೂರಕ್ಕೆ ಹತ್ತೊಂಬತ್ತಕ್ಕೇ ನಿಂತಿತು. ಇಪ್ಪತ್ಮೂರಾದರೂ ಬರಬೇಕಿತ್ತು. "ಎಳೇ ಬಳ್ಳಿ, ಮುಂದಿನ ವರ್ಷ ಸುಧಾರಿಸ್ತದ," ಅಂದಳು ಸುಕನ್ಯಾ. ಮುಂದಿನ ವರ್ಷ ಹದಿನೆಂಟಕ್ಕೆ ಇಳಿಯಿತು. ಅವನು ಮತ್ತೆ ಎಲೆ ಕಿತ್ತ. ಒಮ್ಮೊಮ್ಮೆ, ರೋಗ ತಾನಾಗಿ ಹೋದರೂ ಹೋದೀತು ಅನ್ನಿಸುತ್ತಿತ್ತು. ಹುಲಿಗೆಮ್ಮನಿಗೆ ಹರಕೆಯನ್ನೂ ಹೊತ್ತ.

ಆದರೆ ದ್ರಾಕ್ಷಿಗೆ ಹತ್ತುವ ಬಿಳಿ ಹಿಟ್ಟಿನಂಥ ತಿಗಣೆ, ಬೆಳೆಗಾರರು ಮಿಲಿಬಗ್ ಅನ್ನುವುದು, ರೋಗದ ಬಳ್ಳಿಯ ರಸ ಕುಡಿದು ಮತ್ತೊಂದಕ್ಕೆ ದಾಟಿಸುತ್ತದೆ. ಅದು ಬಟ್ಟೆಗೆ, ತಲೆಯ ಟವೆಲ್ಲಿಗೆ, ಗೋಣಿಗೆ ಅಂಟಿಕೊಂಡೂ ಹೋಗುತ್ತದೆ. ಹೊನ್ನೂರುಸ್ವಾಮಿ ಎರಡು ವರ್ಷ ಬೆಳಗ್ಗೆ ರೋಗದ ತೋಟದಲ್ಲಿ ಎಲೆ ಕಿತ್ತು, ಅದೇ ಬಟ್ಟೆಯಲ್ಲಿ ಹತ್ತು ಗಂಟೆಗೆ ಕಂಪನಿಯ ತೋಟದ ಕೆಲಸಕ್ಕೆ ಹೋಗುತ್ತಿದ್ದ.

ಮೂರನೆಯ ಬೆಳೆಯ ಜನವರಿಯಲ್ಲಿ ಕಂಪನಿಯ ಹಳೆಯ ಕ್ಯಾಬರ್ನೆ ತೋಟದ ಅಂಚಿನ ಸಾಲುಗಳು ಕೆಂಪಾದವು. ಅವು ಪರೀಕ್ಷೆಯಾದ ಸಸಿಗಳಿಂದ ಬಂದ ಬಳ್ಳಿ, ಕಂಪನಿಗೆ ಹೆಸರು ತಂದ ಬಳ್ಳಿ. ಸುಕನ್ಯಾ ಎಲೆಯ ತೊಟ್ಟುಗಳನ್ನು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದಳು. ಏಳು ತೋಟಗಳಿಂದಲೂ ಕಳಿಸಿದಳು, ಈ ಸಲ ಹೇಳದೆ ಹೋಗಿ.

ವರದಿ ಬಂದ ಮಧ್ಯಾಹ್ನ ಅವಳು ಅವನನ್ನು ತನ್ನ ಕೋಣೆಗೆ ಕರೆದಳು. ಕುಂದ್ರಿ ಅನ್ನಲಿಲ್ಲ.

"ತಾಯಕ್ಕನ ತೋಟದಾಗ ಒಂದು ಬಳ್ಳಿನೂ ಚಲೋ ಇಲ್ಲ. ಏಳೂ ಕಡೆ ಐತಿ. ಈಗ ನಮ್ಮ ತೋಟಕ್ಕೂ ಬಂದೈತಿ. ಸ್ವಾಮಣ್ಣ, ನಿಮಗ ಗೊತ್ತಿತ್ತೇನು?"

ಅವನು ಕಿಟಕಿಯ ಕಡೆ ನೋಡಿದ.

"ಗೊತ್ತಿತ್ರಿ."

"ಯಾವಾಗಿಂದ?"

"ಮೊದ್ಲ ಬೆಳಿಯಿಂದ."

ಸುಕನ್ಯಾ ವರದಿಯ ಹಾಳೆಗಳನ್ನು ಮಡಚಿಟ್ಟಳು. ಆಮೇಲೆ ಮೆಲ್ಲಗೆ, "ಅವತ್ತ ಹೇಳಿದ್ರ ಏಳು ತೋಟ ಹೋಗ್ತಿದ್ವು, ಅಷ್ಟ. ಹೊಸ ಗಿಡ ಹಚ್ಚಿ, ಚಲೋ ಕಡ್ಡಿ ತಂದು ನೀವೇ ಮತ್ತ ಕಟ್ತಿದ್ರಿ. ಈಗ ನಮ್ಮ ತೋಟನೂ ಸೇರಿ ಹೋಗ್ತಾವ," ಅಂದಳು. "ನಾನು ನಿಮ್ಮ ಮಾತಿನ ಮ್ಯಾಲ ಸಹಿ ಹಾಕಿದ್ದೆ."

ಏಳು ತೋಟವನ್ನೂ ಕಂಪನಿಯ ಅಂಚಿನ ಸಾಲುಗಳನ್ನೂ ಕಿತ್ತು ಸುಡಬೇಕು ಎಂದು ತೀರ್ಮಾನವಾಯಿತು. ಎಲ್ಲರೂ ಕಿತ್ತರೆ, ಎರಡು ವರ್ಷ ನೆಲ ಖಾಲಿ ಬಿಟ್ಟು, ಪರೀಕ್ಷೆಯಾದ ಸಸಿ ಕೊಟ್ಟು ಮತ್ತೆ ಶುರುಮಾಡಬಹುದು. ಒಬ್ಬ ಉಳಿಸಿಕೊಂಡರೂ ಅಲ್ಲಿಂದ ತಿಗಣೆ ಮತ್ತೆ ರೋಗ ಹೊರುತ್ತದೆ. ರೈತರಿಗೆ ಹೇಳುವ ಕೆಲಸ ಹೊನ್ನೂರುಸ್ವಾಮಿಯದೇ ಆಯಿತು.

ನಾಲ್ವರು ಅವನಿಗೆ ಬಾಯಿಗೆ ಬಂದಂತೆ ಬೈದರು. ಕಂಪ್ಲಿ ರಸ್ತೆಯ ರಾಮಾಂಜಿನಿ ಎಂಬುವನು ಕಪಾಳಕ್ಕೆ ಹೊಡೆದ. ಅವನು ಕೆನ್ನೆ ಉಜ್ಜಿಕೊಳ್ಳದೆ ನಿಂತಿದ್ದ. ಆ ಐವರೂ ಕೊನೆಗೆ ಕೀಳಲು ಒಪ್ಪಿದರು. ಒಪ್ಪದವನು ಅವನ ಕೈ ಕಣ್ಣಿಗೊತ್ತಿಕೊಂಡಿದ್ದ ಪಾಲಪ್ಪ. ಅವನ ತೋಟ ಹಂಪಿಗೆ ಹೋಗುವ ರಸ್ತೆಯ ಬದಿಗಿತ್ತು. ಕೆಂಪು ಬಳ್ಳಿಯ ನಡುವೆ ಮದುವೆಯಾಗುವ ಜೋಡಿಗಳು ದುಡ್ಡು ಕೊಟ್ಟು ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿ ಬರುತ್ತಿದ್ದರು.

"ನಾ ಕೀಳಂಗಿಲ್ಲ," ಅಂದ ಪಾಲಪ್ಪ. "ಹಣ್ಣು ಬ್ಯಾಡ ಅಂದ್ರ ಬ್ಯಾಡ. ಎಲಿ ಐತಲ್ಲ, ಸಾಕು."

"ಮಾವ, ನಿನ್ನೊಬ್ಬನಿಂದ ಇಡೀ ಸೀಮಿಗೆ ದ್ರಾಕ್ಷಿ ಇಲ್ಲದಂಗ ಆಗ್ತತಿ. ಕಾಲು ಹಿಡೀತೀನಿ." ಹೊನ್ನೂರುಸ್ವಾಮಿ ನಿಜವಾಗಿಯೂ ಬಗ್ಗಿದ.

ಪಾಲಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡ. "ಇಡೀ ಸೀಮಿ ಅಂತಿ. ಅದನ್ನ ಕಡ್ಡಿ ತರುವಾಗ ನೆನಸಬೇಕಿತ್ತಪ್ಪ. ಎದ್ದೋಗು."

ಕಡೆಗೆ ಉಳಿದದ್ದು ತಾಯಕ್ಕನ ಮನೆ. ಅವಳು ಜೋಳ ಹಸನು ಮಾಡುತ್ತಾ ಕೂತಿದ್ದಳು. ಅವನು ಎಲ್ಲವನ್ನೂ ಹೇಳಿದ. ಕಡ್ಡಿಯಲ್ಲಿಯೇ ರೋಗ ಇತ್ತು ಅಂದ, ಕೀಳಬೇಕು ಅಂದ. ಅವಳ ಕೈ ಮೊರದ ಮೇಲೆ ನಿಂತಿತು.

"ಮದ್ದಿಲ್ಲೇನು?"

"ಇಲ್ಲಕ್ಕ."

"ಆ ಮೆಗ್ನಿಶಿ ಅಂತ ಹೊಡದ್ಯಲ್ಲ, ಅದು?"

"ಅದರಿಂದ ಆಗಂಗಿಲ್ಲ."

"ನಿನಗ ಯಾವಾಗ ಗೊತ್ತಾತು?"

ಅವನು ಅವಳ ಮುಖ ನೋಡಿದ. "ಈಗ. ಮೊನ್ನೆ ವರದಿ ಬಂತಲ್ಲ, ಆವಾಗ."

ತಾಯಕ್ಕ ನಿಟ್ಟುಸಿರು ಬಿಟ್ಟು ಅವನ ತಲೆಯ ಮೇಲೆ ಕೈಯಿಟ್ಟಳು. "ಹೋಗ್ಲಿ ಬಿಡೋ. ನೀ ಏನ್ ಮಾಡ್ತಿ. ಗೊತ್ತಿದ್ದು ಮಾಡಿಯೇನು? ನೀ ಎದೀಗ ಹಚ್ಚಿಕೊಬ್ಯಾಡ." ಎದ್ದು ಅವನಿಗೆ ಚಹಾ ಇಟ್ಟಳು.

ಅವನು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ನಾಳೆ ನಿಜ ಹೇಳುತ್ತೇನೆ ಅಂದುಕೊಂಡು ಹೋದ.

ಮರುದಿನ ಬೆಳಗ್ಗೆ ಅವನಿಗಿಂತ ಮುಂಚೆ ಸುಕನ್ಯಾ ಬಳ್ಳಿ ಎಣಿಸಲು ಬಂದಿದ್ದಳು. ತಾಯಕ್ಕ ಅವಳಿಗೆ ಸಮಾಧಾನ ಹೇಳಲು ಹೋಗಿ, "ನಮ್ಮ ಸ್ವಾಮಿನ್ನ ಏನೂ ಅನಬ್ಯಾಡ್ರವ್ವ, ಅವಗ ಗೊತ್ತಿರಲಿಲ್ಲ," ಅಂದಳಂತೆ. ಸುಕನ್ಯಾ ಬೆಚ್ಚಿ, "ಎರಡು ವರ್ಷದಿಂದ ಗೊತ್ತಿತ್ತಲ್ಲವ್ವಾ, ನಿಮಗ ಹೇಳಿಲ್ಲೇನು?" ಅಂದುಬಿಟ್ಟಳು. ಅಂದ ಮೇಲೆ ಬಾಯಿಗೆ ಕೈ ಹಿಡಿದುಕೊಂಡಳು.

ಹೊನ್ನೂರುಸ್ವಾಮಿ ಬಂದಾಗ ತಾಯಕ್ಕ ತೋಟದ ನಡುವೆ ನಿಂತಿದ್ದಳು. ಅವನ ಮುಖ ನೋಡಲಿಲ್ಲ. ಗುದ್ದಲಿಯನ್ನು ಅವನ ಕಾಲ ಹತ್ತಿರ ಎಸೆದಳು.

"ಕೀಳು."

"ಜೆಸಿಬಿ ಬರ್ತತಿ ಅಕ್ಕ, ನಾಳೆ..."

"ನೀ ಕೀಳು. ನಿನ್ನ ಕೈಲೆ ಕಟ್ಟಿದ್ದು."

ಅವನು ಇಪ್ಪತ್ತು ದಿನ ಕಿತ್ತ. ಬೇರು ಆಳಕ್ಕೆ ಹೋಗಿದ್ದವು, ಬೊಬ್ಬೆಯೆದ್ದು ಅಂಗೈ ಒಡೆಯಿತು. ತಾಯಕ್ಕ ಕಿತ್ತ ಬಳ್ಳಿಯನ್ನು ಒಂದೊಂದಾಗಿ ಎಳೆದು ರಾಶಿ ಹಾಕುತ್ತಿದ್ದಳು. ಹಸಿ ಬಳ್ಳಿ ಉರಿಯಲಿಲ್ಲ, ಬರೀ ಹೊಗೆಯಾಡಿತು. ಸೀಮೆಎಣ್ಣೆ ಹಾಕಿ ಸುಟ್ಟರು.

ಪಾಲಪ್ಪನ ತೋಟ ಮಾತ್ರ ಹಾಗೆಯೇ ಉಳಿಯಿತು. ಮುಂದಿನ ಚಳಿಗಾಲಕ್ಕೆ ಕಂಪನಿಯ ತೋಟದಲ್ಲಿ ಮತ್ತೆ ಹತ್ತು ಸಾಲು ಕೆಂಪಾದವು. ಪಾಲಪ್ಪನ ತಿಗಣೆಯೋ, ಮೊದಲೇ ಒಳಗಿದ್ದ ರೋಗವೋ, ಯಾರಿಗೂ ಗೊತ್ತಾಗಲಿಲ್ಲ. ಕಂಪನಿಯವರು ಕೆಂಪು ವೈನಿನ ತಳಿಗಳನ್ನೆಲ್ಲ ತೆಗೆದುಹಾಕಿ, ಬೇಕಾದ ಹಣ್ಣನ್ನು ಬೇರೆ ಜಿಲ್ಲೆಯಿಂದ ತರಿಸತೊಡಗಿದರು. ರೈತರಿಗೆ ಸಸಿ ಕೊಡುವ ಯೋಜನೆ ನಿಂತಿತು. ಸುಕನ್ಯಾ ಕೆಲಸ ಬಿಟ್ಟಳು. ಬಿಡಿಸಿದರು ಅಂತಲೂ ಹೇಳುತ್ತಾರೆ. ಈಗ ಕಂಪ್ಲಿಯಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾಳೆ. ಹೊನ್ನೂರುಸ್ವಾಮಿ ಅತ್ತ ಹೋದರೆ ಬೇರೆ ರಸ್ತೆ ಹಿಡಿಯುತ್ತಾನೆ.

ಅವನು ಗಣಿ ಕೆಲಸಕ್ಕೆ ಮರಳಿದ. ಸಂಡೂರಿನ ಹತ್ತಿರ ಅದಿರಿನ ಲಾರಿಗಳಿಗೆ ತಾಡಪಾಲು ಕಟ್ಟುತ್ತಾನೆ. ತಾಯಕ್ಕ ಹೊಲವನ್ನು ಕಬ್ಬಿನವರಿಗೆ ಗುತ್ತಿಗೆ ಕೊಟ್ಟು, ಐವತ್ತೇಳನೆಯ ವಯಸ್ಸಿನಲ್ಲಿ ಕಮಲಾಪುರದಲ್ಲಿ ಬೇರೆಯವರ ಬಾಳೆ ತೋಟಕ್ಕೆ ಕೂಲಿಗೆ ಹೋಗುತ್ತಾಳೆ.

ಅವನು ತಿಂಗಳಿಗೊಮ್ಮೆ ಮಲಪನಗುಡಿಗೆ ಬರುತ್ತಾನೆ. ಅವಳು ಬಾಗಿಲು ಹಾಕುವುದಿಲ್ಲ. ತಾಟು ಇಡುತ್ತಾಳೆ, ರೊಟ್ಟಿ ಹಾಕುತ್ತಾಳೆ, ಪಲ್ಯ ಹಾಕುತ್ತಾಳೆ. ಬಂಡ್ರಿಯಲ್ಲಿ ಅವನ ಹೆಂಡತಿ ಮಕ್ಕಳು ಹೇಗಿದ್ದಾರೆ ಅಂತ ಕೇಳುತ್ತಾಳೆ. ಮಳೆ, ಕಾಲುವೆ ನೀರು, ಓಣಿಯ ಮದುವೆ, ಎಲ್ಲವನ್ನೂ ಮಾತಾಡುತ್ತಾಳೆ. 'ತಮ್ಮಾ' ಅನ್ನುವುದಿಲ್ಲ. 'ಸ್ವಾಮಿ' ಅನ್ನುವುದಿಲ್ಲ. ಅವನಿಗೆ ಹೆಸರೇ ಇಲ್ಲದ ಹಾಗೆ ಮಾತಾಡುತ್ತಾಳೆ.

ಕಳೆದ ಅಮಾವಾಸ್ಯೆ ಕೂಲಿಗೆ ರಜೆ ಇತ್ತು. ಅವನು ಬಂದಿದ್ದ. ಮೂರನೆಯ ರೊಟ್ಟಿ ಹಾಕಲು ಅವಳು ಬಗ್ಗಿದಾಗ ಅವನು ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಅಕ್ಕ, ಒಂದಸಲ ಬೈ ನನ್ನ. ಬಾಯ್ತುಂಬ ಬೈ. ಚಪ್ಲಿ ತಗೊಂಡು ಹೊಡಿ. ಹಿಂಗ ಇರಬ್ಯಾಡ."

ತಾಯಕ್ಕ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಅವನೆದುರು ಕೂತಳು. ಬಹಳ ದಿನಗಳ ಮೇಲೆ ನೇರವಾಗಿ ಅವನನ್ನು ನೋಡಿದಳು.

"ಬಳ್ಳಿ ಸತ್ತಿದ್ದಕ್ಕ ನಾ ಅಳಲಿಲ್ಲ," ಅಂದಳು. "ಬೆಳಿ ಹೋಗ್ತತಿ, ಬರ್ತತಿ. ನೀ ನನ್ನ ಮನಿಯಾಗ ಕುಂತು, ನನ್ನ ಮಾರಿ ನೋಡ್ಕೊಂತ ಸುಳ್ಳು ಹೇಳ್ದಿ. ನಾ ನಿನ್ನ ತಲಿ ಮ್ಯಾಲ ಕೈ ಇಟ್ಟೆ. ಆ ಕೈನ ನಾ ಏನ್ ಮಾಡ್ಲಿ?"

"ಅದಕ್ಕ ಬೈ ಅನ್ನಾಕತ್ತೀನಿ."

"ಬೈದ್ರ ಮುಗೀತತಿ ಅಂತ ಬಂದೀಯೇನು? ಮುಗಿಯಂಗಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಹೊರಗೆ ಯಾರೋ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಅವು ದಾಟಿದ ಮೇಲೆ ತಾಯಕ್ಕ ಎದ್ದು ನೀರಿನ ಚೊಂಬು ಅವನ ಪಕ್ಕಕ್ಕೆ ಸರಿಸಿ, "ಉಂಡು ಹೋಗು, ಬಸ್ಸಿನ ಹೊತ್ತಾತು," ಅಂದಳು. ಅವನು ತಾಟಿನಲ್ಲಿ ಉಳಿದದ್ದನ್ನು ತಿಂದು ಮುಗಿಸಿದ. ಎದ್ದು ಹೋಗುವಾಗ ಅವಳು ಹೊಸ್ತಿಲವರೆಗೆ ಬರಲಿಲ್ಲ.